ಹಲ್ಲಿನ ಡಾಕ್ಟರರ ಚೀನಾ ಸಾಮ್ರಾಜ್ಯ

ನನ್ನ ಭಾವ ಹಲ್ಲಿನ ಡಾಕ್ಟರು. ಊರಿನ ಅರ್ಧಕ್ಕರ್ಧ ಜನರ ಬಾಯೊಳಗೆ ಇಣುಕಿದವರು, ಆದರೆ ಆ ಬಾಯಿಗಳಿಂದ ಹೊರಟ ಒಂದು ಮಾತನ್ನೂ ಕಿವಿಗೆ ಹಾಕಿಕೊಂಡವರಲ್ಲ. ಎದುರಿಗೆ ಕೂತವನ ದವಡೆಗೆ ಹತ್ತಿ ತುರುಕಿ, ತುಟಿಯಂಚಿಗೆ ಎಂಜಲು ಹೀರುವ ಕೊಳವೆ ಸಿಕ್ಕಿಸಿ, ಆಮೇಲೆ ಭಾಷಣ ಶುರು ಮಾಡಿದರೆ ಎದುರಾಡುವವರು ಯಾರು? ಹೀಗೆ ವರ್ಷಗಟ್ಟಲೆ "ಆಂ... ಆಂ..." ಎಂಬ ಒಪ್ಪಿಗೆ ಕೇಳಿ ಕೇಳಿ, ಜಗತ್ತಿನಲ್ಲಿ ತಮ್ಮ ಮಾತಿಗೆ ಎರಡನೆಯ ಮಾತೇ ಇಲ್ಲವೆಂದು ನಂಬಿಕೊಂಡ ಮಹಾನುಭಾವರು ಅವರು.

ಭಾಷಣದ ವಿಷಯ ಒಂದೇ: ಹಳೆಯ ಚೀನಾ ಹೂದಾನಿ. ಅದರಲ್ಲೂ ಅಂಗೈಯಲ್ಲಿ ಹಿಡಿಸುವಂಥ ಪುಟ್ಟ ಪಿಂಗಾಣಿ ಹೂದಾನಿ. ದೊಡ್ಡದನ್ನು ಕಂಡರೆ ಮೂಗು ಮುರಿಯುತ್ತಾರೆ.

"ದೊಡ್ಡದನ್ನ ಯಾರು ಬೇಕಾದ್ರೂ ಇಟ್ಕೋಬಹುದು ಕಣಯ್ಯ. ಹೋಟೆಲ್ ಬಾಗಿಲಲ್ಲೂ ಇರುತ್ತೆ. ನಿಜವಾದ ಗಾಂಭೀರ್ಯ ಇರೋದು ಚಿಕ್ಕದ್ರಲ್ಲಿ."

ಭಾವನ ಎತ್ತರ ಬಲ್ಲವರಿಗೆ ಈ ಸಿದ್ಧಾಂತ ಎಲ್ಲಿ ಹುಟ್ಟಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬೆನ್ನ ಹಿಂದೆ ನಾವು ಮನೆಯವರು ಅವರನ್ನು 'ಚಕ್ರವರ್ತಿಗಳು' ಎನ್ನುತ್ತೇವೆ. ಒಮ್ಮೆ ಬಾಯಿತಪ್ಪಿ ಎದುರಿಗೇ ಅಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ಏನಂದೆ?" ಎಂದು ಕೇಳಿ, ಇನ್ನೊಮ್ಮೆ ಹೇಳಿಸಿಕೊಂಡು, ತೃಪ್ತರಾಗಿ ಒಳಗೆ ಹೋದರು.

ಚಕ್ರವರ್ತಿ ಎಂದಮೇಲೆ ದಂಡಯಾತ್ರೆ ಇಲ್ಲದೆ ಆದೀತೆ? ಭಾವನ ದಂಡಯಾತ್ರೆ ಮನೆಯೊಳಗೇ ನಡೆಯಿತು, ಹೆಂಡತಿಯ ಮೇಲೆ. ಆ ಮನೆಯ ಮೂಡಣ ಮೂಲೆಯಲ್ಲಿ ಒಂದು ಕೋಣೆ, ಅದಕ್ಕೊಂದು ಅಗಲವಾದ ಕಿಟಕಿ. ಉಳಿದ ಕಿಟಕಿಗಳೆಲ್ಲ ಪಕ್ಕದ ಗೋದಾಮಿನ ಗೋಡೆಯನ್ನು ದಿಟ್ಟಿಸುತ್ತ ಕೂತಿರುವುದರಿಂದ ಬೆಳಕೆಂಬುದು ಒಳಗೆ ಬರುತ್ತಿದ್ದದ್ದು ಇದೊಂದರಿಂದಲೇ. ಅದರ ಕೆಳಗೆ ನನ್ನ ಅಕ್ಕನ ಹೊಲಿಗೆ ಮೆಷಿನ್ನು ಇತ್ತು. ಅಕ್ಕನಿಗೆ ಹೊಲಿಗೆ ಹೊತ್ತು ಕಳೆಯುವ ಕೆಲಸವಲ್ಲ. ಕೋರ್ಟಿನ ವಕೀಲರೆಲ್ಲ ಕರಿ ಕೋಟು ಹೊಲಿಸುವುದು ಅವಳ ಹತ್ತಿರವೇ. ಕರಿ ಬಟ್ಟೆಯ ಮೇಲೆ ಕರಿ ದಾರ ಓಡಿಸುವವರಿಗೆ ಹಗಲು ಬೆಳಕೇ ಬೇಕು, ಬೇರಾವ ದೀಪವೂ ಸಾಲದು.

ಮೊದಲು ಕಿಟಕಿಯ ಕಟ್ಟೆಯ ಮೇಲೆ ಒಂದೇ ಒಂದು ಹೂದಾನಿ ಬಂತು, ಬಡ ನೆಂಟನಂತೆ ಮೂಲೆ ಹಿಡಿದು ಕೂತಿತು. ಆಮೇಲೆ ಅದರ ಬಳಗ ಬಂತು. ಬಳಗಕ್ಕೆ ಗಾಜಿನ ಕಪಾಟು ಬಂತು. ಕಪಾಟಿಗೆ ಜಾಗ ಸಾಲದೆ ಮೆಷಿನ್ನು ಹೊರಗೆ ಹೋಯಿತು. ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ, ಒಂದು ಬಡಕಲು ಬಲ್ಬಿನ ಕೆಳಗೆ ಅಕ್ಕ ಕಣ್ಣು ಕಿರಿದು ಮಾಡಿಕೊಂಡು ಹೊಲಿಯತೊಡಗಿದಳು. ಸೂಜಿಗೆ ದಾರ ಪೋಣಿಸುವುದೇ ಒಂದು ತಪಸ್ಸಾಯಿತು. ಹಳೆಯ ಗಿರಾಕಿಯಾದ ವಕೀಲರೊಬ್ಬರು ಹೊಸ ಕೋಟು ವಾಪಸು ತಂದರು.

"ತಪ್ಪು ತಿಳೀಬೇಡಿ ಅಮ್ಮ. ಒಂದು ತೋಳು ವಾದಿ ಕಡೆ ಹೋಗ್ತಿದೆ, ಇನ್ನೊಂದು ಪ್ರತಿವಾದಿ ಕಡೆ."

ಅವತ್ತು ಅಕ್ಕ ಕೋಟನ್ನು ಭಾವನ ಮುಂದೆ ಹಿಡಿದಳು. "ರೀ, ನಿಮ್ಮ ಕುಡಿಕೆಗಳಿಗೆ ಕಣ್ಣಿಲ್ಲ, ನನಗಿದೆ. ಇನ್ನೂ ಸ್ವಲ್ಪ ದಿನ ಇರ್ಲಿ ಅಂತ ಆಸೆ. ಬೆಳಕು ಯಾರಿಗೆ ಬೇಕು, ನೀವೇ ಹೇಳಿ."

"ಕುಡಿಕೆ ಅನ್ಬೇಡ!" ಎಂದರು ಚಕ್ರವರ್ತಿಗಳು. ಕಣ್ಣಿನ ಮಾತು ಅವರಿಗೆ ಕೇಳಿಸಲೇ ಇಲ್ಲ.

ಹೂದಾನಿ ಪರೀಕ್ಷಿಸುವ ಅವರ ವಿದ್ಯೆಯ ಬಗ್ಗೆಯೂ ಎರಡು ಮಾತು ಹೇಳಬೇಕು. ಮೆರುಗು ಹಚ್ಚದ ಅಡಿಯಂಚನ್ನು ನಾಲಗೆಗೆ ತಾಗಿಸಿ, ಕಣ್ಣು ಮುಚ್ಚಿ, ಶತಮಾನ ಹೇಳುತ್ತಿದ್ದರು. "ಸ್ವಲ್ಪ ಒಗರು ಇದೆ. ಮುನ್ನೂರು ವರ್ಷ ಆಗಿದೆ!" ಹಳೆ ಸಾಮಾನಿನ ವ್ಯಾಪಾರಿ ಈ ನಾಲಗೆಯನ್ನು ದೂರದಿಂದಲೇ ಕಂಡು ಎದ್ದು ನಿಲ್ಲುತ್ತಿದ್ದ. ಒಗರು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿತ್ತು. ಹೊಚ್ಚ ಹೊಸ ಹೂದಾನಿಗಳ ತಳವನ್ನು ಗಟ್ಟಿ ಚಹಾದಲ್ಲಿ ನೆನೆಸಿ ಒಣಗಿಸುವುದು ಅವನ ಮನೆಯವರ ಕೆಲಸ.

ಇಡೀ ಸಾಮ್ರಾಜ್ಯದಲ್ಲಿ ಆ ವ್ಯಾಪಾರಿಯ ಕೈಯಿಂದ ಬಾರದ ಹೂದಾನಿ ಒಂದೇ. ಕಟ್ಟಿಸಿದ ಹಲ್ಲು ಚೆನ್ನಾಗಿ ಕೂತಿತೆಂಬ ಖುಷಿಗೆ ಮುದುಕಿಯೊಬ್ಬಳು, ಮನೆಯ ಅಟ್ಟದಲ್ಲಿ ಬಿದ್ದಿದ್ದದ್ದನ್ನು ಒರೆಸಿ ತಂದುಕೊಟ್ಟಿದ್ದಳು. ಬಿಳಿಯ ಮೈ, ನೀಲಿಯಲ್ಲಿ ಬರೆದ ದೋಣಿ, ದೋಣಿಯಲ್ಲಿ ಗಾಳ ಹಾಕಿ ತೂಕಡಿಸುತ್ತಿರುವ ಮುದುಕ. ಬಾಯಿಯ ಅಂಚಿನಲ್ಲಿ ಮಾತ್ರ ಅಲ್ಲಲ್ಲಿ ಮೆರುಗು ಉದುರಿ, ಹುಳ ತಿಂದ ಹಾಗೆ ಸಣ್ಣ ಸಣ್ಣ ಕುಳಿ.

ಆ ವಾರ ನನ್ನ ದವಡೆ ಊದಿಕೊಂಡಿತ್ತು. ಕೆನ್ನೆ ಒತ್ತಿಕೊಂಡು ಭಾವನ ಕ್ಲಿನಿಕ್ಕಿಗೆ ಹೋದರೆ ರೋಗಿಯ ಕುರ್ಚಿಯಲ್ಲಿ ಆ ಹೂದಾನಿ ಒರಗಿಕೊಂಡಿತ್ತು. ಕತ್ತಿಗೆ ಕಾಗದದ ಬಟ್ಟೆ ಕಟ್ಟಿತ್ತು. ಮೇಲಿನ ದೊಡ್ಡ ದೀಪ ನೇರ ಅದರ ಬಾಯೊಳಗೆ ಬೀಳುತ್ತಿತ್ತು. ಭಾವ ಮುಖಕ್ಕೆ ಮಾಸ್ಕು ಕಟ್ಟಿ, ಹಲ್ಲು ಕೊರೆಯುವ ಯಂತ್ರ ಹಿಡಿದು, ಅದರ ಅಂಚನ್ನು 'ಜುಂಯ್' ಎಂದು ಕೊರೆಯುತ್ತಿದ್ದರು.

"ಭಾವ, ನನ್ನ ಹಲ್ಲು..."

"ಸ್ವಲ್ಪ ತಡ್ಕೋ. ಇಲ್ಲಿ ಅರ್ಜೆಂಟು ಕೇಸಿದೆ. ಬಾಯೆಲ್ಲ ಹುಳುಕು ಕಣಯ್ಯ. ಈಗ್ಲೇ ತೆಗೀದಿದ್ರೆ ಬುಡಕ್ಕೇ ಇಳಿಯುತ್ತೆ."

"ಪಿಂಗಾಣಿಗೂ ಹುಳುಕು ಹಿಡಿಯುತ್ತಾ ಭಾವ?"

"ಬಾಯಿ ಅಂದ್ರೆ ಬಾಯಿ. ನಿನಗೇನು ಗೊತ್ತಾಗುತ್ತೆ, ಕೂತ್ಕೋ."

ಕೊರೆದರು, ಗಾಳಿ ಊದಿದರು, ಸಿಮೆಂಟು ತುಂಬಿದರು, ನೀಲಿ ದೀಪ ಹಿಡಿದು ಗಟ್ಟಿ ಮಾಡಿದರು, ಗುಂಡಗೆ ಉಜ್ಜಿ ಹೊಳಪು ಕೊಟ್ಟರು. ನೋವಾಯಿತೇ ಎಂದು ಅದನ್ನು ಕೇಳಲಿಲ್ಲ, ಅಷ್ಟೇ. ಆಮೇಲೆ ನನ್ನನ್ನು ಕೂರಿಸಿ, ಹತ್ತಿ ತುರುಕಿ, ಈ ಶಸ್ತ್ರಚಿಕಿತ್ಸೆಯ ಮಹತ್ವ ವಿವರಿಸಿದರು. ನಾನು "ಆಂ... ಆಂ..." ಎಂದೆ.

ಹೀಗಿರುವಾಗ ರಾಜಧಾನಿಯ ಮ್ಯೂಸಿಯಮ್ಮಿನವರು ಪಿಂಗಾಣಿಯ ಪ್ರದರ್ಶನ ಏರ್ಪಡಿಸುತ್ತಾರೆ, ಅವರ ಪರಿಣತೆ ಮನೆಮನೆಯ ಸಂಗ್ರಹ ನೋಡಿ ಸಾಮಾನು ಆರಿಸಲು ಬರುತ್ತಾಳೆ ಎಂಬ ಸುದ್ದಿ ಬಂತು. ಭಾವನಿಗೆ ಅಂದಿನಿಂದಲೇ ಪಟ್ಟಾಭಿಷೇಕದ ಜ್ವರ. ಬಡಗಿಯನ್ನು ಕರೆಸಿ, ಕಿಟಕಿಯನ್ನೇ ಹಲಗೆಯಿಂದ ಮುಚ್ಚಿ ಗೋಡೆಯುದ್ದ ಕಪಾಟು ಮಾಡಲು ಅಳತೆ ತೆಗೆಸಿದರು. ಬಡಗಿ ಅಳತೆಯ ಪಟ್ಟಿ ಹಿಡಿದು ಕಿಟಕಿ ಹತ್ತಿದ್ದನ್ನು ಅಕ್ಕ ಓಣಿಯಿಂದ ನೋಡಿದಳು. ಮೆಷಿನ್ನು ನಿಲ್ಲಿಸಿ ಎದ್ದು ಬಂದಳು.

"ರೀ, ಒಂದು ಮಾತು. ಆ ಮೇಡಂ ಬಂದು ಒಂದೇ ಒಂದನ್ನಾದ್ರೂ ಆರಿಸಿಕೊಂಡ್ರೆ ಕಿಟಕಿ ಮುಚ್ಚಿಸಿ. ನಾನು ಉಸಿರೆತ್ತಲ್ಲ, ಹೊಲಿಗೆನೇ ಬಿಟ್ಬಿಡ್ತೀನಿ. ಒಂದನ್ನೂ ಆರಿಸದೆ ಹೋದ್ರೆ ನನ್ನ ಮೆಷಿನ್ನು ವಾಪಸು ಕಿಟಕಿ ಕೆಳಗೆ. ಒಪ್ಪಿಗೆನಾ?"

"ಒಂದೂ ಇಲ್ಲ ಅಂದ್ರೆ?" ಭಾವ ಹೊಟ್ಟೆ ಹಿಡಿದು ನಕ್ಕರು. "ಪಾಪ! ಕೊಟ್ಟೆ ಮಾತು. ನಿನ್ನ ತಮ್ಮನೇ ಸಾಕ್ಷಿ."

ಪರಿಣತೆ ಬಂದಳು. ನರೆತ ಕೂದಲು, ಬಗಲಲ್ಲಿ ಬಟ್ಟೆ ಚೀಲ, ಮುಖದಲ್ಲಿ ಬಸ್ಸಿನ ಆಯಾಸ. ಭಾವ ಬಾಗಿಲಲ್ಲೇ ಭಾಷಣ ಶುರು ಮಾಡಿದರು. ಅವಳು ಕೈಯೆತ್ತಿ, "ಮೊದ್ಲು ನೋಡ್ತೀನಿ, ಆಮೇಲೆ ಕೇಳ್ತೀನಿ" ಎಂದಳು. ಹತ್ತಿ ತುರುಕದ ಬಾಯಿ ಭಾವನಿಗೆ ಎದುರಾದದ್ದು ಬಹುಶಃ ಅದೇ ಮೊದಲು.

ಕಪಾಟಿನ ಮೇಲಿನ ಸಾಲಿನಿಂದ ಶುರುವಾಯಿತು ಸಂಹಾರ. "ಇದು ಹೊಸದು. ಇದೂ ಹೊಸದು. ಇದಕ್ಕೆ ನನ್ನ ಮೊಮ್ಮಗಳಿಗಿಂತ ಕಮ್ಮಿ ವಯಸ್ಸು." ಒಂದರ ತಳವನ್ನು ಒದ್ದೆ ಬಟ್ಟೆಯಿಂದ ಉಜ್ಜಿ, ಬಟ್ಟೆಗೆ ಹತ್ತಿದ ಕಂದು ಬಣ್ಣವನ್ನು ಮೂಸಿ ನೋಡಿ, "ಚಹಾ" ಎಂದಳು. ಎಷ್ಟು ಶತಮಾನಗಳು ಆ ಮಧ್ಯಾಹ್ನ ಉರುಳಿದವೋ! ಭಾವನ ಮುಖ ಸಾಲಿಗೊಂದು ಬಣ್ಣಕ್ಕೆ ತಿರುಗಿತು. ಆದರೂ ಎದೆಗುಂದಲಿಲ್ಲ, ದೋಣಿಯ ಮುದುಕ ಕೊನೆಯಲ್ಲಿ ಕಾಯುತ್ತಿದ್ದನಲ್ಲ.

ಅದನ್ನು ಕೈಗೆತ್ತಿಕೊಂಡವಳು ಬೆಳಕಿಗೆ ಹಿಡಿದಳು. ಸ್ಟೂಲು ಎಳೆದುಕೊಂಡು ಕೂತಳು. ತಿರುಗಿಸಿ ತಿರುಗಿಸಿ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಅಕ್ಕ ಚೌಕಟ್ಟನ್ನು ಬಿಗಿಯಾಗಿ ಹಿಡಿದದ್ದು ನನಗೆ ಕಂಡಿತು.

"ಇದು ನಿಜವಾಗ್ಲೂ ಹಳೇದು," ಎಂದಳು ಪರಿಣತೆ. "ಮಣ್ಣು ಸರಿ, ನೀಲಿ ಸರಿ. ನಾನೂರು ವರ್ಷದ ಆಸುಪಾಸು."

ಭಾವ ಅಕ್ಕನ ಕಡೆ ತಿರುಗಿ, ಗೆದ್ದ ರಾಜನಂತೆ ಒಂದು ನಗೆ ಬಿಸಾಕಿದರು. ಅಕ್ಕ ಕಿಟಕಿಯ ಕಡೆ ನೋಡುತ್ತಿದ್ದಳು.

"ಆದ್ರೆ ಬಾಯಿ ಯಾಕೆ ಇಷ್ಟು ನುಣ್ಣಗಿದೆ?" ಪರಿಣತೆ ಪರದೆ ಎಳೆಸಿ, ಚೀಲದಿಂದ ನೇರಳೆ ಬೆಳಕಿನ ಪುಟ್ಟ ಟಾರ್ಚು ತೆಗೆದಳು. ಕತ್ತಲಲ್ಲಿ ಹೂದಾನಿಯ ಅಂಚು ಸುತ್ತಲೂ ಬೆಳ್ಳಗೆ ಮಿನುಗಿತು, ಯಾರೋ ಹಲ್ಲು ಬಿಟ್ಟು ನಕ್ಕಂತೆ. "ಯಾರು ಹೀಗೆ ಮಾಡಿದ್ದು?"

"ನಾನೇ!" ಭಾವ ಎದೆ ಸೆಟೆಸಿದರು. "ಬಾಯೆಲ್ಲ ಹುಳುಕಾಗಿತ್ತು ಮೇಡಂ. ಪೂರ್ತಿ ಕೊರೆದು, ಒಳ್ಳೇ ಸಿಮೆಂಟು ತುಂಬಿ..."

ಆ ಹೆಂಗಸು ಟಾರ್ಚು ಆರಿಸಿ, ಪರದೆ ತೆರೆಸಿದಳು. "ಆ ಕಾಲದ ಹೂದಾನಿಗಳಿಗೆ ಅಂಚಿನ ಮೆರುಗು ಹಾಗೇ ಉದುರಿರುತ್ತೆ ಸ್ವಾಮಿ, ಹುಳ ತಿಂದ ಹಾಗೆ. ಇಂಥದ್ದರ ಮೇಲೆ ಪ್ರಾಣ ಇಟ್ಟೋರು ಮೊದ್ಲು ಹುಡುಕೋದೇ ಅದನ್ನ. ಅದು ಕಾಯಿಲೆ ಅಲ್ಲ, ಹುಟ್ಟುಮಚ್ಚೆ. ನೀವು ಅದನ್ನೇ ಕೊರೆದು ಬಿಸಾಕಿದ್ದೀರಿ."

"ಸಿಮೆಂಟು ತೆಗೆದ್ಬಿಡ್ತೀನಿ! ಈಗ್ಲೇ ತೆಗೀತೀನಿ!"

"ಸಿಮೆಂಟು ತೆಗೀಬಹುದು. ಕೊರೆದದ್ದು ಬೆಳೆಯುತ್ತಾ?" ಅವಳು ಹೂದಾನಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ಪ್ರದರ್ಶನಕ್ಕೆ ಇದನ್ನ ಇಡೋಕಾಗಲ್ಲ. ಇನ್ನು ಉಳಿದವು..." ಕಪಾಟಿನ ಕಡೆ ಕೈ ಬೀಸಿದಳು, ನೊಣ ಓಡಿಸಿದಂತೆ. ಹೊರಡುವಾಗ ಅಕ್ಕನನ್ನು ಮಾತ್ರ ಒಂದು ಪ್ರಶ್ನೆ ಕೇಳಿದಳು. "ಇವರು ಇನ್ನೂ ಮನುಷ್ಯರ ಹಲ್ಲೂ ನೋಡ್ತಾರಾ?"

ಸಾಮ್ರಾಜ್ಯ ಮರುದಿನವೇ ಗಂಟುಮೂಟೆ ಕಟ್ಟಿ ಕ್ಲಿನಿಕ್ಕಿಗೆ ವಲಸೆ ಹೋಯಿತು. ಮೆಷಿನ್ನಿನ ಒಂದು ಕಡೆ ನಾನು ಹಿಡಿದೆ, ಇನ್ನೊಂದು ಕಡೆ ಸಾಕ್ಷಾತ್ ಚಕ್ರವರ್ತಿಗಳು, ಏದುಸಿರು ಬಿಡುತ್ತ. ಕ್ಲಿನಿಕ್ಕಿನಲ್ಲಿ ಈಗ ಹೊಸ ಭಾಷಣ ನಡೆಯುತ್ತಿದೆ. ಆ ಮ್ಯೂಸಿಯಮ್ಮಿನ ಹೆಂಗಸಿಗೆ ಹೊಟ್ಟೆಕಿಚ್ಚು, ಅವಳ ಟಾರ್ಚಿಗೂ ಹೊಟ್ಟೆಕಿಚ್ಚು, ಇಂಥ ಬಾಯಿ ಕಟ್ಟುವುದು ಚೀನಾದವರ ಕೈಯಲ್ಲೂ ಆಗದ ಕೆಲಸ. ರೋಗಿಗಳು "ಆಂ... ಆಂ..." ಎನ್ನುತ್ತಾರೆ. ಗಾಯ ಹೀಗೇ ಮಾಯುತ್ತಿದೆ.

ದೋಣಿಯ ಮುದುಕನ ಹೂದಾನಿಯನ್ನು ಮಾತ್ರ ಅಕ್ಕ ತನಗೇ ಇಟ್ಟುಕೊಂಡಳು. ಕಳೆದ ವಾರ ಹೋದಾಗ ನೋಡಿದೆ. ಕಿಟಕಿಯ ಕಟ್ಟೆಯ ಮೇಲೆ, ಮೆಷಿನ್ನಿನ ಪಕ್ಕದಲ್ಲಿತ್ತು. ಒಳಗೆ ಕರಿ ದಾರದ ಉಂಡೆ. ದಾರ ಹೂದಾನಿಯ ಬಾಯಿಂದ ಎದ್ದು, ಅಂಚಿನ ಮೇಲೆ ಜಾರಿ, ಸರಸರ ಸೂಜಿಗೆ ಹೋಗುತ್ತಿತ್ತು. ಮಡಿಲಲ್ಲಿ ಆ ಹಳೆಯ ಗಿರಾಕಿ ವಕೀಲರ ಕೋಟು, ಮೈತುಂಬ ಬಿಸಿಲು.

"ನೋಡೋ, ಎಲ್ಲೂ ಸಿಕ್ಕಿಕೊಳ್ಳಲ್ಲ," ಎಂದಳು ಅಕ್ಕ ತಲೆಯೆತ್ತದೆ. "ಏನೇ ಅನ್ನು, ನಿನ್ನ ಭಾವ ಕೊರೆಯೋದ್ರಲ್ಲಿ ಎತ್ತಿದ ಕೈ."

ಪಡಸಾಲೆಯಲ್ಲಿ ಪೇಪರಿನ ಸದ್ದು ನಿಂತಿತು.

"ಏನಂದೆ?" ಎಂದು ಕೇಳಿಬಂತು ಅಲ್ಲಿಂದ, ಆಸೆ ತುಂಬಿದ ದನಿಯಲ್ಲಿ. "ಇನ್ನೊಂದ್ಸಲ ಹೇಳು."