ಗಾಳಿಗೆ ಜಾಗ

ಚಂದ್ರಾ ಲೇಔಟಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವರೊಬ್ಬರು ರೇಸಿನ ಹಾಯಿದೋಣಿಗಳನ್ನು ವಿನ್ಯಾಸ ಮಾಡುತ್ತಿದ್ದರು. ಅಮ್ಮ ಟೆರೇಸಿನ ತಂತಿಗೆ ಒದ್ದೆ ಸೀರೆಯನ್ನು ಬಿಗಿಯಾಗಿ ಎಳೆದು ಹಾಕಿದರೆ ಸಾಕು, ಕಾಫಿ ಲೋಟ ಕೆಳಗಿಟ್ಟು ಬಂದು ಕ್ಲಿಪ್ಪು ಸರಿಸುತ್ತಿದ್ದರು.

"ಸ್ವಲ್ಪ ಸಡಿಲ ಬಿಡಿ ಆಂಟಿ, ಗಾಳಿಗೆ ಜಾಗ ಬೇಕು."

ಸೀರೆ ಉಬ್ಬಿದಾಗ ತಲೆ ವಾರೆ ಮಾಡಿ ನೋಡುತ್ತಾ ನಿಲ್ಲುತ್ತಿದ್ದರು.

"ಸುಕ್ಕಾದ್ರೆ ಇಸ್ತ್ರಿ ನೀವೇ ಮಾಡ್ಕೊಡಿ," ಎಂದು ಅಮ್ಮ ಗೊಣಗಿ, ಅವರು ಇಳಿದುಹೋದ ಮೇಲೆ ಮತ್ತೆ ಬಿಗಿಯುತ್ತಿದ್ದರು.

ಒಂದು ಭಾನುವಾರ ಅವರು ವಿನ್ಯಾಸ ಮಾಡಿದ್ದ ದೋಣಿ ವಿದೇಶದಲ್ಲೆಲ್ಲೋ ರೇಸಿಗಿಳಿದಿತ್ತು. ಟೆರೇಸಿನಲ್ಲಿ ಕೂತು ಮೂವರೂ ಅವರ ಮೊಬೈಲಿನಲ್ಲಿ ನೋಡುತ್ತಿದ್ದೆವು. ಎಲ್ಲರಿಗಿಂತ ಮುಂದಿದ್ದ ಆ ದೋಣಿಯ ಹಾಯಿಕಂಬ ಮುರಿದು ನೀರಿಗೆ ಬಿತ್ತು.

"ಒಳಗಿದ್ದೋರಿಗೆ ಏನೂ ಆಗಿಲ್ಲ," ಎಂದು ಅವರು ಮೊಬೈಲು ಜೇಬಿಗಿಟ್ಟರು.

ಅಮ್ಮ ಎದ್ದು ಹೋಗಿ, ಬಿಗಿಯಾಗಿ ಹಾಕಿದ್ದ ತಮ್ಮ ಸೀರೆಯನ್ನು ತಾವೇ ಸಡಿಲ ಬಿಟ್ಟರು.