ಹರಕೆಯ ಬೆಲ್ಲ ಮತ್ತು ನನ್ನ ಮೈದುನನ ನ್ಯೂಟನ್

ನನ್ನ ಮೈದುನನ ಎದುರು "ತೂಕ ಇಷ್ಟು ಕಿಲೋ" ಎನ್ನುವ ಹಾಗಿರಲಿಲ್ಲ. ಭಾನುವಾರ ಖಾರಘರದಿಂದ ಡೊಂಬಿವಲಿಯ ನಮ್ಮ ಮನೆಗೆ ಊಟಕ್ಕೆ ಬಂದವನು ಅನ್ನ ಕಲಸುತ್ತಲೇ ಶುರು ಮಾಡುತ್ತಿದ್ದ. "ಅತ್ತಿಗೆ, ಕಿಲೋ ಅನ್ನೋದು ಮಾಸ್. ವಸ್ತುವಿನೊಳಗೆ ಎಷ್ಟು ಸರಕಿದೆ ಅನ್ನೋದು. ವೇಟ್ ಅಂದ್ರೆ ಭೂಮಿ ಅದನ್ನ ಎಳೆಯೋ ಬಲ. ಅದಕ್ಕೆ ನ್ಯೂಟನ್ ಅನ್ನಬೇಕು." ಬದನೆಕಾಯಿಯನ್ನು ಅವನು ನ್ಯೂಟನ್ ಲೆಕ್ಕದಲ್ಲಿ ಕೊಂಡದ್ದನ್ನು ನಾನು ಕಂಡಿಲ್ಲ. ಅವನು ಬದನೆಕಾಯಿ ಕೊಂಡದ್ದನ್ನೇ ಕಂಡಿಲ್ಲ.

ಆ ವರ್ಷ ನನ್ನ ಮಗಳು ಟೈಫಾಯಿಡ್ ಬಂದು ಮಲಗಿದಾಗ ಅತ್ತೆ ಹರಕೆ ಹೊತ್ತರು: ಗುಣವಾದರೆ ಮಠದಲ್ಲಿ ತುಲಾಭಾರ, ಮಗುವಿನ ಸರಿತೂಕಕ್ಕೆ ಬೆಲ್ಲ. ಮಗು ಎದ್ದು ಓಡಾಡಿತು. ಹರಕೆ ತೀರುವವರೆಗೆ ಸಿಹಿ ಮುಟ್ಟುವುದಿಲ್ಲ ಎಂದು ಅತ್ತೆ ಸಪ್ಪೆ ಚಹಾ ಕುಡಿಯುತ್ತಾ ಕೂತರು.

ಬೆಲ್ಲದ ಉಸ್ತುವಾರಿ ಮೈದುನನದು. ಬಚ್ಚಲ ಬಾಗಿಲಲ್ಲಿ ತುಕ್ಕು ಹಿಡಿಯುತ್ತಿದ್ದ ಸ್ಪ್ರಿಂಗಿನ ತೂಕದ ಯಂತ್ರದ ಮೇಲೆ ಮಗುವನ್ನು ನಿಲ್ಲಿಸಿ, ಮುಳ್ಳು ನೋಡಿ, ಅಷ್ಟಕ್ಕೇ ಅಂಗಡಿಗೆ ಫೋನ್ ಮಾಡಿದ. ಒಂದೆರಡು ಅಚ್ಚು ಹೆಚ್ಚಿಗೆ ಇರಲಿ ಎಂದೆ. "ಇದು ನಿಮ್ಮ ಸಾರಿನ ಉಪ್ಪಲ್ಲ ಅತ್ತಿಗೆ, ಅಂದಾಜಿನಲ್ಲಿ ಹಾಕೋಕೆ." ಮಗು ಹತ್ತುವ ಮೊದಲೇ ಮುಳ್ಳು ಸೊನ್ನೆಗಿಂತ ಹಿಂದೆ ಬಿದ್ದುಕೊಂಡಿತ್ತು. ಅಷ್ಟು ಸಣ್ಣದನ್ನು ನೋಡಲು ಅವನಿಗೆ ಪುರುಸೊತ್ತೆಲ್ಲಿ.

ಮಠದಲ್ಲಿ ಮಗುವನ್ನು ತಕ್ಕಡಿಯಲ್ಲಿ ಕೂರಿಸಿದರು. ತಂದ ಬೆಲ್ಲವೆಲ್ಲ ಇನ್ನೊಂದು ತಟ್ಟೆಗೆ ಬಿತ್ತು. ಮಗುವಿನ ತಟ್ಟೆ ನೆಲ ಬಿಡಲಿಲ್ಲ. ಭಟ್ಟರು ಖಾಲಿ ಚೀಲವನ್ನು ಕೊಡವಿ ನೋಡಿದರು. ನಾಲ್ಕು ಜನರ ಮುಂದೆ ಮೈದುನನ ಪಾಠ ಸುರುವಾಯಿತು.

"ಸ್ಪ್ರಿಂಗು ಎಳೆತ ಅಳೆಯುತ್ತೆ ಅಮ್ಮ, ತಕ್ಕಡಿ ಮಾಸನ್ನ ಹೋಲಿಸುತ್ತೆ. ಎರಡೂ ಬೇರೆ. ಚಂದ್ರನ ಮೇಲೆ ಸ್ಪ್ರಿಂಗು ಆರರಲ್ಲಿ ಒಂದು ಪಾಲು ತೋರಿಸುತ್ತೆ. ಈ ತಕ್ಕಡಿ ಅಲ್ಲೂ ಹೀಗೇ ನಿಲ್ಲುತ್ತೆ."

"ಹಾಗಾದ್ರೆ ಅಲ್ಲಿಯೂ ಬೆಲ್ಲ ಕಮ್ಮಿಯೇ ಅಲ್ವಾ ಮಾರಾಯ," ಎಂದರು ಅತ್ತೆ.

ಮಠದ ಉಗ್ರಾಣದಿಂದ ಕೊಡುತ್ತೇವೆ ಎಂದರು ಭಟ್ಟರು. ಅತ್ತೆ ಒಪ್ಪಲಿಲ್ಲ. "ಹರಕೆ ಹೊತ್ತದ್ದು ನಾನು, ಮಠ ಅಲ್ಲ." ಕೊನೆಗೆ ಪಂಚೆಯುಟ್ಟ ವಿಜ್ಞಾನಿ ಬರಿಗಾಲಲ್ಲೇ ಬಜಾರಿಗೆ ಹೊರಟ. ಅಂಗಡಿಯಿಂದ ಅವನ ಫೋನ್ ಬಂತು.

"ಅತ್ತಿಗೆ, ಎಷ್ಟು ವೇಟ್ ತರಲಿ?"

"ಮೂರು ಕಿಲೋ," ಎಂದೆ. ಸ್ವಲ್ಪ ಕಾದೆ. ಅವನು ತಿದ್ದಲಿಲ್ಲ.

ಅವನು ತಂದ ಅಚ್ಚುಗಳಲ್ಲಿ ಎರಡು ಇನ್ನೂ ಚೀಲದಲ್ಲಿ ಇರುವಾಗಲೇ ಮಗುವಿನ ತಟ್ಟೆ ಮೇಲೆದ್ದಿತು. ಅತ್ತೆ ಕೈಮುಗಿದರು. ಹೊರಗೆ ಬಂದವರೇ ಚಹಾದ ಅಂಗಡಿಯ ಮುಂದೆ ನಿಂತು, ಸಕ್ಕರೆ ಜಾಸ್ತಿ ಹಾಕಲು ಹೇಳೆಂದು ನನ್ನನ್ನು ಕಳಿಸಿದರು.