ಇಪ್ಪತ್ತೆಂಟು ದಿನದ ತೊಟ್ಟಿ

ಮಳೆಯೇ ಬೀಳದ ಲಿಮಾ ನಗರದ ಬೋಳು ಗುಡ್ಡಗಳ ಮೇಲೆ ತೇಲಿಹೋಗುವ ಮಂಜನ್ನು ಬಲೆಯೊಡ್ಡಿ ಹಿಡಿದು ನೀರಾಗಿಸಬಹುದೆಂದು ನಮ್ಮ ನೀರಿನ ಇಲಾಖೆಯಲ್ಲಿ ಮೊದಲು ಹೇಳಿದವರು, ಹೇಳಿ ನಗೆಪಾಟಲಿಗೀಡಾದವರು, ನಕ್ಕವರಿಗೆಲ್ಲ ಕಡೆಗೆ ಅದೇ ನೀರಿನಲ್ಲಿ ಚಹಾ ಕಾಯಿಸಿ ಕೊಟ್ಟವರು ಇಂಜಿನಿಯರ್ ಎದೆಲ್ಮಿರಾ ತಾಯ್ಪೆ. ಮೂವತ್ತನಾಲ್ಕು ವರ್ಷಗಳ ಸೇವೆಯಿಂದ ನಿವೃತ್ತರಾಗುತ್ತಿರುವ ಈ ಮಾನ್ಯರನ್ನು ಕುರಿತು ಈ ಅಭಿನಂದನ ಗ್ರಂಥದಲ್ಲಿ ಬರೆಯುವ ಗೌರವ ಈ ಲೇಖಕನ ಪಾಲಿಗೆ ಬಂದಿದೆ. ಅದಕ್ಕೆ ಅವನು ಅರ್ಹನಲ್ಲ.

ಲೋಮಾ ಪಾರ್ದಾ ಬಡಾವಣೆಗೆ ಆಗ ಟ್ಯಾಂಕರ್ ಬಂದರೆ ನೀರು, ಬರದಿದ್ದರೆ ಇಲ್ಲ. ಬಲೆಗೆ ತಕ್ಕ ಜಾಗ ಹುಡುಕಲು ಎದೆಲ್ಮಿರಾ ಅವರು ತಮ್ಮ ಮಗಳ ಹಸುಗೂಸಿನ ಬಟ್ಟೆಗಳನ್ನು ಗುಡ್ಡದ ತುಂಬ ಕೋಲುಗಳಿಗೆ ಕಟ್ಟಿ, ಬೆಳಗ್ಗೆ ಒಂದೊಂದನ್ನೇ ಹಿಂಡಿ ಲೋಟದಲ್ಲಿ ಅಳೆಯುತ್ತಿದ್ದರು. ಹೊಸದಾಗಿ ಸೇರಿದ್ದ ಈ ಲೇಖಕನ ಬೂಟು ಮೊದಲ ವಾರವೇ ಬಾಯಿಬಿಟ್ಟಾಗ ಗಂಡನ ಬೂಟನ್ನು ತಂದುಕೊಟ್ಟರು. "ವಾಪಸ್ ಕೊಡ್ಬೇಡಪ್ಪ. ಅವರಿಗೆ ಹೇಗೂ ಸೋಫಾದಿಂದ ಏಳೋ ಅಭ್ಯಾಸ ಇಲ್ಲ," ಎಂದರು.

ಭಾನುವಾರಗಳ ಸಾಮೂಹಿಕ ದುಡಿಮೆಯಲ್ಲಿ ಬಲೆಗಳು ನಿಂತವು, ಸಿಮೆಂಟಿನ ತೊಟ್ಟಿಯೂ ಎದ್ದಿತು. ಸಿಮೆಂಟು ಗಟ್ಟಿಯಾಗಲು ಇಪ್ಪತ್ತೆಂಟು ದಿನ ಗೋಡೆಗೆ ನೀರು ಚಿಮುಕಿಸುತ್ತಿರಬೇಕು, ಒಳಗೆ ಮಾತ್ರ ತುಂಬಬಾರದು ಎಂದು ಹೇಳಿ ಅವರು ಕಾಯಿಲೆಯ ತಾಯಿಯನ್ನು ನೋಡಲು ದೂರದ ಅರೆಕಿಪಾ ಊರಿಗೆ ಹೋದರು. ಲೋಮಾ ಪಾರ್ದಾದಲ್ಲಿ ಯಾವ ಕಟ್ಟೋಣಕ್ಕೂ ಒಬ್ಬ ಧರ್ಮತಂದೆ ಇರಬೇಕು. ರಿಬ್ಬನ್ನಿಗೆ ತೂಗುಬಿಟ್ಟ ಬಾಟಲಿಯನ್ನು ಅವನು ಒಡೆದ ಮೇಲೇ ಅದು ಊರಿನದಾಗುತ್ತದೆ. ನಮ್ಮ ತೊಟ್ಟಿಯ ಧರ್ಮತಂದೆ, ಬಸ್ಸುಗಳ ಮಾಲೀಕ ದೊನ್ ಫೌಸ್ತೀನೊ, ಹದಿನಾಲ್ಕನೆಯ ದಿನವೇ ವಾದ್ಯದವರನ್ನೂ ಬಿಯರನ್ನೂ ಹೊತ್ತುಕೊಂಡು ಬಂದು, ಬಾಟಲಿ ಒಡೆದು ಇವತ್ತೇ ನೀರು ಬಿಡೋಣ ಎಂದುಬಿಟ್ಟ.

"ಇಂಜಿನಿಯರಮ್ಮ ಬೇಡ ಅಂದಿದ್ರಲ್ಲ?" ಎಂದು ತೊಟ್ಟಿಯ ಕೆಳಗಿನ ಮನೆಯ ದೋನ್ಯಾ ಗ್ರಿಮಾನೇಸಾ ಕೇಳಿದಳು.

"ಫೋನಲ್ಲಿ ಕೇಳಿದೀನಿ, ಸರಿ ಅಂದ್ರು," ಎಂದ ಈ ಲೇಖಕ. ಅವನು ಫೋನ್ ಮಾಡಿರಲಿಲ್ಲ. ಊರ ಮುಂದೆ ದೊಡ್ಡವನಾಗುವ ಆಸೆಯಿತ್ತು, ಅಷ್ಟೇ.

ಬಲೆಗಳ ನೀರಿನಿಂದ ಒಂಬತ್ತು ದಿನಕ್ಕೆ ತುಂಬಿದ ತೊಟ್ಟಿ ಬಿರಿಯಿತು. ನೀರೆಲ್ಲ ಗ್ರಿಮಾನೇಸಾಳ ಅಡುಗೆಮನೆಯ ಗೋಡೆಯನ್ನೂ, ಅವಳು ಸಾಕಿದ್ದ ಮೂವತ್ತು ಗಿನಿಯಿಲಿಗಳನ್ನೂ ಕೊಚ್ಚಿಕೊಂಡು ಇಳಿಜಾರಿನಲ್ಲಿ ಹೋಯಿತು.

ಎದೆಲ್ಮಿರಾ ಅವರು ಅರೆಕಿಪಾದಿಂದ ಮರಳಿದ ಮೇಲೆ ಬಡಾವಣೆಯ ಸಭೆ ಸೇರಿತು. "ನೀವೇ ತುಂಬಿಸಿ ಅಂದ್ರಂತೆ, ಹೌದೇನಮ್ಮಾ?" ಎಂದು ಗ್ರಿಮಾನೇಸಾ ಕೇಳಿದಳು.

ಎದೆಲ್ಮಿರಾ ಅವರು ಪಕ್ಕದಲ್ಲಿ ಕುಳಿತಿದ್ದ ಈ ಲೇಖಕನ ಕಡೆ ಒಮ್ಮೆ ನೋಡಿದರು. "ಹೌದು, ನಾನೇ ಹೇಳಿದ್ದು. ತಪ್ಪಾಯ್ತು."

"ನಿಮ್ಮನ್ನ ನಂಬಿದ್ವಿ," ಎಂದಳು ಆಕೆ. ಈ ಲೇಖಕ ತುಟಿ ಬಿಚ್ಚಲಿಲ್ಲ.

ಗುಡ್ಡ ಇಳಿಯುವಾಗ ಏಕೆ ಹಾಗೆ ಹೇಳಿದಿರೆಂದು ಅವನು ಕೇಳಿದ. "ನೀನು ಹೊಸಬ, ನಿನ್ನನ್ನ ಓಡಿಸಿದ್ರೆ ತಿರುಗಿ ಬರಲ್ಲ. ನಾನಾದ್ರೆ ಬೈಸ್ಕೊಂಡ್ರೂ ನಾಳೆ ಮತ್ತೆ ಈ ಗುಡ್ಡ ಹತ್ತೋಳೇ. ಹೇಳೋದಿದ್ರೆ ನೀನೇ ಹೇಳು, ನಾನಂತೂ ಹೇಳಲ್ಲ." ಅವರು ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಮರುವರ್ಷ ಹೊಸ ತೊಟ್ಟಿ ಕಟ್ಟಿಸಿದರು. ಇಂದು ಅಲ್ಲಿ ತೊಂಬತ್ತು ಬಲೆಗಳಿವೆ. ಆದರೆ ಅವರ ಕಡತದಲ್ಲಿ ಆ ಬಿರುಕು ಉಳಿಯಿತು, ಮುಖ್ಯಸ್ಥರ ಕುರ್ಚಿ ಅವರನ್ನು ದಾಟಿ ಈ ಲೇಖಕನಿಗೆ ಬಂತು. ಅವನು ನಾಚಿಕೆಯಿಲ್ಲದೆ ಕುಳಿತ. ಆಮೇಲೆ ಬಂದ ನಾಚಿಕೆ ಇನ್ನೂ ಹೋಗಿಲ್ಲ.

ಎದೆಲ್ಮಿರಾ ಅವರಿಗೆ ದೀರ್ಘಾಯುಷ್ಯ ಸಿಗಲಿ, ಮೊಣಕಾಲು ಗಟ್ಟಿಯಿರಲಿ, ಮಂಜು ಇರುವ ಇನ್ನಷ್ಟು ಗುಡ್ಡಗಳು ಅವರಿಗಾಗಿ ಕಾದಿರಲಿ. ಈ ಗ್ರಂಥ ಲೋಮಾ ಪಾರ್ದಾದ ಅದೇ ಬಡಾವಣೆ ಸಭೆಯ ಮುಂದೆ ಬಿಡುಗಡೆಯಾಗಲಿದ್ದು, ಗ್ರಿಮಾನೇಸಾ ಮುಂದಿನ ಸಾಲಿನಲ್ಲಿರುತ್ತಾಳೆ. ಅಕ್ಷರ ಬಾರದ ಆಕೆಗಾಗಿ ಈ ಲೇಖನವನ್ನು ಗಟ್ಟಿಯಾಗಿ ಓದಿಸಬೇಕೆಂದು ಸಂಪಾದಕರನ್ನು ಕೋರಿಕೊಂಡಿದ್ದೆ. ಈಗ ಆ ಕೋರಿಕೆಯನ್ನು ಹಿಂತೆಗೆದುಕೊಳ್ಳುತ್ತೇನೆ. ನಾನೇ ನಿಂತು ಓದುತ್ತೇನೆ.